ಲೈಸ್ ಆಫ್ ಪಿ ಮುಂದಿನ ಭಾಗ: ಡೊರೊತಿ ಬರ್ತಾಳೆ ಸರಿ, ಆದ್ರೆ ಯಾವ ಡೊರೊತಿ? (ಸ್ಪಾಯ್ಲರ್ ಇದೆ)

ಗ್ರಾಮಫೋನ್
ಮೊದ್ಲೇ ಹೇಳ್ಬಿಡ್ತೀನಿ, ಆಟ ಮುಗಿಸದೇ ಇರೋರು ಇಲ್ಲಿಂದ ಮುಂದೆ ಓದ್ಬೇಡಿ, ಕ್ಲೈಮ್ಯಾಕ್ಸ್ ಎಲ್ಲಾ ಮಾತಿಗೆ ಬರತ್ತೆ.

ಲೈಸ್ ಆಫ್ ಪಿ ಅಂದ್ರೆ ಪಿನೋಕಿಯೋ ಕಥೆ ಮೇಲೆ ಕೊರಿಯಾದವ್ರು ಮಾಡಿದ ವಿಡಿಯೋ ಗೇಮ್, ಕ್ರಾಟ್ ಅನ್ನೋ ಊರಲ್ಲಿ ಪಿ ಅನ್ನೋ ಗೊಂಬೆ ಹುಡುಗ ಆಗಿ ಆಡೋದು. ಆಟ ಬಂದಿದ್ದು 2023ರ ಸೆಪ್ಟೆಂಬರಲ್ಲಿ. ಅದೇ ವರ್ಷ ನವೆಂಬರಲ್ಲಿ ಡೈರೆಕ್ಟರ್ ಚೋಯ್ ಜಿ-ವನ್ ಬರೆದ ಪತ್ರದಲ್ಲೇ ಡಿಎಲ್‌ಸಿ (ಆಟಕ್ಕೆ ಆಮೇಲೆ ಸೇರಿಸೋ ಹೆಚ್ಚುವರಿ ಭಾಗ) ಜೊತೆ ಸೀಕ್ವೆಲ್ ಮಾತೂ ಇತ್ತು. ಡಿಎಲ್‌ಸಿ ಓವರ್ಚರ್ ಅನ್ನೋ ಹೆಸರಲ್ಲಿ 2025ರ ಜೂನಲ್ಲಿ ಬಂದಾಯ್ತು, ಅದು ಹಿಂದಿನ ಕಥೆ. ಇನ್ನು ಬಾಕಿ ಇರೋದು ಸೀಕ್ವೆಲ್ಲೇ. ಕ್ರೆಡಿಟ್ಸ್ ಆದ್ಮೇಲಿನ ಸೀನ್ ನೆನಪಿದ್ಯಲ್ಲ? ಹೋಟೆಲ್ ಕ್ರಾಟ್‌ನಲ್ಲಿ ಚಿನ್ನದ ನಾಣ್ಯದ ಮರದ ಹತ್ರ ಪಾಪದವನ ತರ ನಿಂತಿರ್ತಿದ್ದ ಜಿಯಾಂಜಿಯೋ, ಅವ್ನೇ ಪ್ಯಾರಾಸೆಲ್ಸಸ್ ಅನ್ನೋ ರಸವಿದ್ಯೆಯವನು ಅಂತ ಗೊತ್ತಾಗತ್ತೆ, ಡೊರೊತಿ ಹೆಸರು ಹೇಳ್ತಾನೆ, ಆಮೇಲೆ ಕೆಂಪು ಶೂ ಹಾಕಿರೋ ಹುಡುಗಿ, ಹಿಮ್ಮಡಿ ತಟ್ಟೋ ಸದ್ದು. ಡೊರೊತಿ ಅಂದ್ರೆ ಓಝ್ ಮಾಂತ್ರಿಕನ ಕಥೆಯ ಹುಡುಗಿ, ಮುಂದಿನ ಊರು ಓಝ್ ಅಂತ ಹೇಳೋಕೆ ಬೇರೆ ಬೋರ್ಡ್ ಬೇಕಾ?

ನನ್ನ ಪ್ರಶ್ನೆ ಏನಂದ್ರೆ, ಕೊಲ್ಲೋಡಿ ಪುಸ್ತಕಾನ ಇವ್ರು ಸಾಲು ಸಾಲು ಓದಿ ಆಟ ಕಟ್ಟಿದ್ರು. ಓಝ್ ಕಥೆ ಬರೆದ ಬಾಮ್ ಪುಸ್ತಕಾನೂ ಹಾಗೇ ಓದ್ತಾರಾ? ಅಥ್ವಾ ಬೆದರುಬೊಂಬೆ ಒಂದು ಬಾಸ್ (ದೊಡ್ಡ ಎದುರಾಳಿ), ಸಿಂಹ ಒಂದು ಬಾಸ್, ತಗಡು ಮನುಷ್ಯ ಒಂದು ಬಾಸ್, ಕೊನೇಲಿ ಮಾಟಗಾತಿ ಅಂತ ಕೈ ತೊಳ್ಕೊಂಡ್ಬಿಡ್ತಾರಾ? ಜೊತೆಗೆ ಇನ್ನೊಂದು, ನಾವು ಯಾರಾಗಿ ಆಡ್ಬೇಕು, ಪಿ ಆಗಿನಾ ಡೊರೊತಿ ಆಗಿನಾ?

ಪರ್ಫೆಕ್ಟ್‌ಗಾರ್ಡ್
ಪಿ. ಇದ್ರಲ್ಲಿ ಮಾತೇ ಇಲ್ಲ.

ಬೆಳಗಾವಿ ಹುಲಿ
ಪಿ ಕತಿ ಮುಗದೈತ್ರೀ. ಅಪ್ಪನ್ನ ಕಳಕೊಂಡ, ದಾರಿ ತೋರಸತಿದ್ದ ಸೋಫಿಯಾನ್ನ ವಾಪಸ್ ಎಬ್ಬಿಸಿದ, ತಾನೂ ಮನಷ್ಯಾ ಆದ. ಇನ್ನ ಅಂವಗ ಏನ್ ಉಳದೈತಿ? ಮತ್ತ ಅವನ್ನ ಎಳಕೊಂಡ್ ಬಂದ್ರ ಆ ಕೊನೀ ಸೀನಿಗೆ ಬೆಲೀನ ಇರಂಗಿಲ್ಲ. ಡೊರೊತಿ ಕೈಯಾಗ ಆಟ ಕೊಡ್ರಿ.

ಪರ್ಫೆಕ್ಟ್‌ಗಾರ್ಡ್
ಅದು ಮೂರು ಎಂಡಿಂಗಲ್ಲಿ ಒಂದು ಅಷ್ಟೇ ಗುರು. ನೀವು ಅಪ್ಪ ಜೆಪೆಟ್ಟೋಗೆ ಹೃದಯ ಕೊಟ್ಬಿಟ್ರೆ ಕಥೆ ಬೇರೆ, ಸುಳ್ಳು ಹೇಳದೇ ಗೊಂಬೆಯಾಗೇ ಉಳಿದ್ರೆ ಇನ್ನೊಂದು. ಯಾವುದು ನಿಜವಾದ ಎಂಡಿಂಗ್ ಅಂತ ಅವ್ರು ಹೇಳೋವರೆಗೂ ಪಿ ಕಥೆ ಮುಗೀತು ಅನ್ನೋಕೆ ಆಗಲ್ಲ. ಅದೂ ಅಲ್ದೆ ಈ ಕಾಳಗದ ಶೈಲಿ ಇಡೀ ನಿಂತಿರೋದೇ ಅವನ ಎಡಗೈ ಮೇಲೆ, ಲೀಜನ್ ಆರ್ಮ್ ಇಲ್ದೆ ಅದು ಲೈಸ್ ಆಫ್ ಪಿ ಅಂತ ಹೇಗೆ ಅನ್ಸತ್ತೆ?

ಮಲೆನಾಡ್ ಮಳೆ
ಒಂದು ಸಣ್ಣ ಡೌಟು, ಕೊಲ್ಲೋಡಿ ಪುಸ್ತಕ ಅಂದ್ರೆ ಕಾರ್ಟೂನಲ್ಲಿ ನೋಡಿದ ಪಿನೋಕಿಯೋನೇ ತಾನೆ, ಸುಳ್ಳು ಹೇಳಿದ್ರೆ ಮೂಗು ಉದ್ದ ಆಗೋದು? ಅದನ್ನ "ಸಾಲು ಸಾಲು ಓದೋಕೆ" ಅದ್ರಲ್ಲಿ ಅಷ್ಟೇನಿದೆ? ನಂಗೆ ಆಟ ಇಷ್ಟ ಆಗಿದ್ದು ಕತ್ತಿ ಹಿಡಿನೂ ಅಲಗೂ ಬೇರೆ ಬೇರೆ ಮಾಡಿ ಜೋಡಿಸ್ಬೋದು ಅಂತ.

ಪುಸ್ತಕಹುಳ
@ಮಲೆನಾಡ್ ಮಳೆ ಅದೇ ಮಜಾ ಇರೋದು, ಕೂತ್ಕೊಳ್ಳಿ ಹೇಳ್ತೀನಿ.

ಮೂಲ ಕಥೆ 1881ರಿಂದ ಇಟಲಿಯ ಒಂದು ಮಕ್ಕಳ ಪತ್ರಿಕೇಲಿ ಧಾರಾವಾಹಿಯಾಗಿ ಬಂದಿದ್ದು, ಪುಸ್ತಕ ಆಗಿದ್ದು 1883ರಲ್ಲಿ. ಬರೆದವರ ನಿಜವಾದ ಹೆಸರು ಕಾರ್ಲೋ ಲೊರೆಂಜಿನಿ. ಕಾರ್ಲೋ! ಆಟದಲ್ಲಿ ಜೆಪೆಟ್ಟೋನ ಸತ್ತ ಮಗನ ಹೆಸರು ನೆನಪು ಮಾಡ್ಕೊಳ್ಳಿ. ಆ ಧಾರಾವಾಹೀಲಿ ಮೊದಲು ಕಥೆ ನಿಂತಿದ್ದು 15ನೇ ಅಧ್ಯಾಯದಲ್ಲಿ, ನರಿ ಮತ್ತು ಬೆಕ್ಕು ಸೇರಿ ಪಿನೋಕಿಯೋನ ಮರಕ್ಕೆ ನೇಣು ಹಾಕೋದ್ರಲ್ಲಿ. ಅಷ್ಟೇ, ಸತ್ತ. ಓದುಗರು ಸುಮ್ನೆ ಬಿಡ್ಲಿಲ್ಲ ಅಂತ ಮುಂದುವರಿಸಿದ್ರು. ಬುದ್ಧಿ ಹೇಳೋ ಮಾತಾಡೋ ಚಿಮ್ಮಂಡೆಗೆ ಅವ್ನು ಸುತ್ತಿಗೆ ಎಸೆದು ಗೋಡೆಗೇ ಅಂಟಿಸಿಬಿಡ್ತಾನೆ. ಕೆಂಡದ ಮೇಲೆ ಕಾಲಿಟ್ಟು ಮಲಗಿ ಎರಡೂ ಪಾದ ಸುಟ್ಕೊಳ್ತಾನೆ. ಇದು ಮಕ್ಕಳ ಪುಸ್ತಕ.

ಈಗ ಆಟಕ್ಕೆ ಬನ್ನಿ. ಬ್ಲ್ಯಾಕ್ ರ‍್ಯಾಬಿಟ್ ಬ್ರದರ್‌ಹುಡ್ ಅನ್ನೋ ಎದುರಾಳಿ ಗುಂಪು ಎಲ್ಲಿಂದ ಬಂತು ಅನ್ಕೊಂಡ್ರಿ? ಪುಸ್ತಕದಲ್ಲಿ ಪಿನೋಕಿಯೋ ಕಹಿ ಔಷಧಿ ಕುಡಿಯಲ್ಲ ಅಂತ ಹಟ ಮಾಡಿದಾಗ ನಾಲ್ಕು ಕಪ್ಪು ಮೊಲಗಳು ಚಟ್ಟ ಹೊತ್ಕೊಂಡು ಬರ್ತಾವೆ, ನಿನ್ನ ಕರ್ಕೊಂಡು ಹೋಗೋಕೆ ಬಂದ್ವಿ ಅಂತ. ನಾಲ್ಕು ಮೊಲ, ನಾಲ್ಕು ಸಹೋದರರು, ಆಟದಲ್ಲೂ ಶವಪೆಟ್ಟಿಗೆ ಬರತ್ತೆ. ಹೋಟೆಲಿನ ಬಟ್ಲರ್ ಗೊಂಬೆ ಪೋಲೆಂಡಿನಾ, ಅದು ಪುಸ್ತಕದಲ್ಲಿ ಜೆಪೆಟ್ಟೋನ ಅಡ್ಡಹೆಸರು, ಅವನ ಹಳದಿ ವಿಗ್ ನೋಡಿ ಊರ ಹುಡುಗ್ರು ರೇಗಿಸೋಕೆ ಇಟ್ಟಿದ್ದು. ಗೊಂಬೆಗಳ ರಾಜ ರೋಮಿಯೋ? ಪಿನೋಕಿಯೋನ ಜೊತೆ ಆಟಿಕೆಗಳ ನಾಡಿಗೆ ಓಡಿಹೋಗಿ ಕತ್ತೆಯಾಗಿ ಸಾಯೋ ಗೆಳೆಯ ಇದಾನಲ್ಲ, ಲೂಚಿನ್ಯೋಲೋ, ಅವನ ನಿಜವಾದ ಹೆಸರೇ ರೋಮಿಯೋ. ಒಂದೇ ಒಂದು ಸಾಲಲ್ಲಿ ಬರೋ ಹೆಸರು ಅದು! ಅದನ್ನ ಹಿಡ್ಕೊಂಡು ಆ ಬಾಸ್ ಫೈಟ್ ಕಟ್ಟಿದ್ದಾರೆ, ಗೆಳೆಯನ್ನ ಕೊಂದ್ಮೇಲೇನೇ ಗೆಳೆಯ ಅಂತ ಗೊತ್ತಾಗೋದು. ಚಿನ್ನದ ನಾಣ್ಯದ ಮರಾನೂ ಅಷ್ಟೇ, ನಾಣ್ಯ ಹೂತಿಟ್ರೆ ಮರ ಬೆಳೆದು ದುಡ್ಡು ಬಿಡತ್ತೆ ಅಂತ ನರಿ ಬೆಕ್ಕು ಅವನಿಗೆ ಹಾಕೋ ಟೋಪಿ. ಆಟದಲ್ಲಿ ಮರ ನಿಜವಾಗ್ಲೂ ಇದೆ, ಆ ಹಣ್ಣು ಕೊಡಿ ಅಂತ ಕೈ ಚಾಚೋದು ರೆಡ್ ಫಾಕ್ಸ್ ಮತ್ತೆ ಬ್ಲ್ಯಾಕ್ ಕ್ಯಾಟೇ, ಆದ್ರೆ ಈ ಸಲ ಕಾಯಿಲೆಗೆ.

ಗ್ರಾಮಫೋನ್ ಕೇಳ್ತಿರೋದು ಈ ಮಟ್ಟದ ಓದು.

ಕಡಲಮಗ
ಎಂಥದು ಮಾರಾಯ್ರೆ, ಮೊಲದ ವಿಷಯ ನನಗೆ ಈಗ ಗೊತ್ತಾದದ್ದು. ಎರಡು ಸರ್ತಿ ಆ ಅಣ್ಣತಮ್ಮಂದಿರ ಒಟ್ಟಿಗೆ ಹೊಡೆದಾಡಿದ್ದೇನೆ, ಮೊಲ ಯಾಕೆ ಅಂತ ಒಮ್ಮೆಯೂ ತಲೆಗೆ ಹೋಗ್ಲಿಲ್ಲ.

ಹಾಲುಗಲ್ಲ
ನೇಣು ಹಾಕೋ ಕಥೇನ ಮಕ್ಕಳಿಗೆ ಓದಿಸ್ತಿದ್ರಾ?? ಏನ್ ಜನಾನಪ್ಪ

ಬೆಳಗಾವಿ ಹುಲಿ
ನಮ್ಮ ಅಜ್ಜಿ ಹೇಳತಿದ್ದ ಕತಿಯೊಳಗ ರಾಕ್ಷಸಿ ಮಕ್ಕಳನ್ನ ಕೊಪ್ಪರಿಗಿಯೊಳಗ ಕುದಸತಿದ್ಳು, ನಾವು ಕೇಳಿ ಆರಾಮ ಮಲಗತಿದ್ವಿ. ಚಂದಮಾಮದಾಗ ಬೇತಾಳ ಹೆಣದೊಳಗ ಕುಂತು ಮಾತಾಡತಿರಲಿಲ್ಲೇನು? ಸಣ್ಣ ಹುಡುಗ್ರು ಎಲ್ಲಾ ತಡಕೋತಾರ, ಹೆದರಾವ್ರು ದೊಡ್ಡವ್ರ.

ರಾತ್ರಿಪಾಳಿ
ಆದ್ರೆ ನೀವೆಲ್ಲ ಒಂದು ಮುಖ್ಯ ವಿಷ್ಯ ಬಿಟ್ಬಿಟ್ರಿ. ಪುಸ್ತಕದಿಂದ ಎಷ್ಟು ತಗೊಂಡ್ರು ಅನ್ನೋದಕ್ಕಿಂತ ಎಲ್ಲಿ ತಿರುಗಿಸಿದ್ರು ಅನ್ನೋದೇ ನಂಗೆ ದೊಡ್ಡದು. ಪುಸ್ತಕದಲ್ಲಿ ಸುಳ್ಳು ಹೇಳಿದ್ರೆ ಶಿಕ್ಷೆ. ಆಟದಲ್ಲಿ ಸುಳ್ಳು ಹೇಳಿದ್ರೇನೇ ಮನುಷ್ಯ ಆಗೋದು.

ಕಿಟಕಿ ಒಳಗೆ ಅಳ್ತಿರೋ ಹೆಂಗಸು ನೆನಪಿದ್ಯಾ? ಬೀದಿ ತುಂಬಾ ಹೆಣ, ಎಲ್ಲಾ ಮನೆ ಕತ್ತಲು, ಒಂದು ಕಿಟಕೀಲಿ ಮಾತ್ರ ಬೆಳಕು. ರೋಗ ಬಂದು ಸಾಯ್ತಾ ಇದಾಳೆ, ನನ್ನ ಮಗು ಹುಡುಕಿ ತಂದ್ಕೊಡಿ ಅಂತಾಳೆ. ಹೋಗಿ ಹುಡುಕಿದ್ರೆ ಸಿಗೋದು ಒಡೆದ ಗೊಂಬೆ. ತಂದ್ಕೊಟ್ರೆ ಕೇಳ್ತಾಳೆ, ಮಗು ಹೇಗಿದೆ ಅಂತ. ಎರಡೇ ಉತ್ತರ: ಮುದ್ದಾಗಿದೆ ಅನ್ನಿ, ಇಲ್ಲಾ ಇದು ಒಡೆದ ಗೊಂಬೆ ಅನ್ನಿ. ನಾನು ಕಂಟ್ರೋಲರ್ ಕೆಳಗಿಟ್ಟು ಸುಮಾರು ಹೊತ್ತು ಕೂತಿದ್ದೆ. ಮುದ್ದಾಗಿದೆ ಅಂದೆ. ಅವಳು ಒಂದು ರೆಕಾರ್ಡ್ ಕೊಟ್ಳು, ಹೋಟೆಲಿಗೆ ತಂದು ಗ್ರಾಮಫೋನಿಗೆ ಹಾಕಿ ಪೂರ್ತಿ ಕೇಳ್ದೆ. ಆಮೇಲೆ ಒಂದಿನ ನೋಡ್ತೀನಿ, ಹೋಟೆಲಲ್ಲಿರೋ ಹುಡುಗನ ಚಿತ್ರದಲ್ಲಿ ಮೂಗು ಕ್ಯಾನ್ವಾಸಿಂದ ಆಚೆ ಬಂದಿದೆ! ಮೊದಲು ಮೈಮೇಲೆ ಬೀಳ್ತಿದ್ದ ಸ್ಪ್ರಿಂಗ್ ಅನ್ನೋ ಬೆಕ್ಕು ಎತ್ಕೊಳ್ಳೋಕೆ ಬಿಡತ್ತೆ. ಯಾರೂ ಏನೂ ವಿವರಿಸಲ್ಲ. ಆ ಮೂಗೇ ಕೊನೆಗೆ ಗೋಲ್ಡನ್ ಲೈ ಅನ್ನೋ ಆಯುಧ ಆಗಿ ಕೈಗೆ ಬರತ್ತೆ.

ಸೀಕ್ವೆಲಲ್ಲಿ ನಂಗೆ ಬೇಕಾಗಿರೋದು ಇಂಥದ್ದು ಒಂದು. ಬಾಸ್ ಎಷ್ಟಾದ್ರೂ ಇರ್ಲಿ.

ಹಾಲುಗಲ್ಲ
ನಾನು ಗೊಂಬೆ ಅಂತ ನಿಜ ಹೇಳ್ದೆ. ಸಾಯೋರ ಮುಂದೆ ಸುಳ್ಳು ಹೇಳೋದು ನಂಗೆ ಸರಿ ಅನ್ಸಲ್ಲ, ಈಗ್ಲೂ ಅನ್ಸಲ್ಲ. ಪುಣ್ಯಕೋಟಿ ಕೇಳಿ ಬೆಳೆದವರು ನಾವು, ಹುಲಿ ಮುಂದೇನೂ ಮಾತು ತಪ್ಪಬಾರ್ದು.

ರಾತ್ರಿಪಾಳಿ
ಪುಣ್ಯಕೋಟಿ ತನ್ನ ಪ್ರಾಣ ಒತ್ತೆ ಇಟ್ಟು ನಿಜ ನಡೆಸ್ಕೊಂಡ್ಳು. ಇಲ್ಲಿ ನಿಜ ಹೇಳಿದ್ರೆ ನಿಮಗೇನೂ ಹೋಗಲ್ಲ, ಹೋಗೋದು ಆ ತಾಯಿಗೆ. ಎರಡೂ ಒಂದೇ ತಕ್ಕಡೀಲಿ ತೂಗ್ಬೇಡಿ.

ಹಾಲುಗಲ್ಲ
ಅವಳಿಗೂ ನಿಜ ತಿಳ್ಕೊಳ್ಳೋ ಹಕ್ಕಿದೆ ಅಲ್ವಾ. ಇರ್ಲಿ ಬಿಡಿ, ಇದಕ್ಕೇ ಬೇರೆ ಚರ್ಚೆ ಬೇಕು.

ತಗಡುಮನುಷ್ಯ
ನನ್ನ ಹೆಸರು ನೋಡಿದ್ರೇನೇ ಗೊತ್ತಾಗತ್ತೆ ನಾನು ಎಷ್ಟು ದಿನದಿಂದ ಇದಕ್ಕೆ ಕಾಯ್ತಿದೀನಿ ಅಂತ. ಓಝ್ ಅಂದ ತಕ್ಷಣ ಎಲ್ರೂ ಹಳದಿ ಇಟ್ಟಿಗೆ ರಸ್ತೆ, ಹಾಡು ಅಂತಾರೆ. ಬಾಮ್ 1900ರಲ್ಲಿ ಬರೆದ ಪುಸ್ತಕಾನ ಬಿಡಿಸಿ ನೋಡಿ, ಕ್ರಾಟ್‌ಗಿಂತ ಏನೂ ಕಮ್ಮಿ ಇಲ್ಲ.

ತಗಡು ಮನುಷ್ಯ ಹುಟ್ತಾನೇ ತಗಡಲ್ಲ. ಅವನು ನಿಕ್ ಚಾಪರ್, ಕಾಡಲ್ಲಿ ಮರ ಕಡಿಯೋನು, ಒಬ್ಳು ಹುಡುಗೀನ ಇಷ್ಟಪಟ್ಟಿದ್ದ. ಆ ಮದ್ವೆ ಆಗಬಾರ್ದು ಅಂತ ಒಬ್ಳು ಮುದುಕಿ ಪೂರ್ವದ ಮಾಟಗಾತಿಗೆ ಲಂಚ ಕೊಡ್ತಾಳೆ, ಮಾಟಗಾತಿ ಅವನ ಕೊಡಲಿಗೇ ಮಾಟ ಮಾಡ್ತಾಳೆ. ಕೊಡಲಿ ಜಾರಿ ಒಂದು ಕಾಲು ಹೋಗತ್ತೆ, ತಗಡಿನ ಕಾಲು ಹಾಕಿಸ್ಕೊಂಡು ಮತ್ತೆ ಕೆಲಸಕ್ಕೆ ಬರ್ತಾನೆ. ಇನ್ನೊಂದು ಕಾಲು. ಕೈಗಳು. ತಲೆ. ಕೊನೆಗೆ ಮುಂಡವೇ ಎರಡು ಹೋಳು. ಒಂದೊಂದೇ ಭಾಗ ತಗಡಾಗಿ ಆಗಿ ಕೊನೆಗೆ ಹೃದಯ ಇಲ್ಲ, ಹುಡುಗಿ ಮೇಲಿನ ಪ್ರೀತೀನೂ ಇಲ್ಲ. ಇಷ್ಟೂ ಮೊದಲನೇ ಪುಸ್ತಕದಲ್ಲೇ ಇದೆ. 1918ರಲ್ಲಿ ಬಂದ ತಗಡು ಮನುಷ್ಯನ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗ್ತಾರೆ, ಕಮ್ಮಾರ ಆ ಕಡಿದ ತುಂಡುಗಳನ್ನ ಎಸೆದಿರಲ್ಲ, ಕಪಾಟು ತೆಗೆದ್ರೆ ಅವನದೇ ಹಳೇ ತಲೆ ಕೂತಿದೆ, ಕಣ್ಣು ಬಿಟ್ಟು ಇವನ ಜೊತೆ ವಾದ ಮಾಡತ್ತೆ. ಉಳಿದ ತುಂಡುಗಳನ್ನ ಅಂಟಿಸಿ ಕಮ್ಮಾರ ಇನ್ನೊಬ್ಬ ಮನುಷ್ಯನ್ನೇ ಮಾಡಿರ್ತಾನೆ, ಆ ಹುಡುಗಿ ಅವನನ್ನ ಮದ್ವೆ ಆಗಿರ್ತಾಳೆ.

ಈಗ ಯೋಚ್ನೆ ಮಾಡಿ. ಮೊದಲನೇ ಆಟ ಗೊಂಬೆ ಮನುಷ್ಯ ಆಗೋ ಕಥೆ. ಎರಡನೇದು ಮನುಷ್ಯ ಗೊಂಬೆ ಆಗೋ ಕಥೆ ಆಗ್ಬೋದು, ಅದಕ್ಕೆ ಅವ್ರು ಹೊಸದಾಗಿ ಏನೂ ಹುಟ್ಟಿಸ್ಬೇಕಾಗಿಲ್ಲ, ಪುಸ್ತಕದಲ್ಲೇ ಎಲ್ಲಾ ಇದೆ. ಮೈ ಕಲ್ಲಾಗೋ ರೋಗ ಕ್ರಾಟ್‌ನಲ್ಲೇ ಇತ್ತಲ್ಲ, ಕಲ್ಲಾದ ಕೈಕಾಲು ತೆಗೆದು ತಗಡು ಹಾಕಿಸ್ಕೊಳ್ಳೋ ಒಂದು ಊರು ಊಹಿಸ್ಕೊಳ್ಳಿ.

ಕಡಲಮಗ
ಕಪಾಟಿನೊಳಗಿನ ತಲೆ ಮಾತಾಡುವುದಾ?! ಇದನ್ನು ಆಟದಲ್ಲಿ ಹಾಕದಿದ್ರೆ ನಾನೇ ಕೊರಿಯಾಕ್ಕೆ ಹೋಗಿ ಕೇಳ್ತೇನೆ.

ಪುಸ್ತಕಹುಳ
@ತಗಡುಮನುಷ್ಯ ಕೈ ಕುಲುಕ್ಬೇಕು ನಿಮಗೆ. ನಾನು ಒಂದು ಸೇರಿಸ್ತೀನಿ. ಪಚ್ಚೆ ನಗರದ ಬಾಗಿಲಲ್ಲೇ ಕಾವಲುಗಾರ ಎಲ್ರಿಗೂ ಹಸಿರು ಕನ್ನಡಕ ಹಾಕಿ ಹಿಂದೆ ಬೀಗ ಹಾಕಿಬಿಡ್ತಾನೆ, ಒಳಗಿರೋ ಜನ ಹಗಲು ರಾತ್ರಿ ತೆಗೆಯೋ ಹಾಗಿಲ್ಲ. ಊರು ನಿಜಕ್ಕೂ ಅಷ್ಟು ಹಸಿರಲ್ಲ, ಕನ್ನಡಕದಿಂದ ಹಸಿರು. ಆ ಮಾಂತ್ರಿಕ ಯಾರು? ಒಮಾಹಾ ಊರಿಂದ ಬಲೂನಲ್ಲಿ ಹಾರಿ ಬಂದ ಸಾಮಾನ್ಯ ಮನುಷ್ಯ, ತುಟಿ ಅಲ್ಲಾಡಿಸದೇ ಬೇರೆ ಕಡೆಯಿಂದ ದನಿ ಬರೋ ಹಾಗೆ ಮಾತಾಡೋ ವಿದ್ಯೆ ಕಲಿತೋನು. ಗೊಂಬೆ ಆಡಿಸೋರ ವಿದ್ಯೆ ಅದು! ಒಬ್ಬೊಬ್ಬರಿಗೆ ಒಂದೊಂದು ರೂಪ ತೋರಿಸ್ತಾನೆ, ಡೊರೊತಿಗೆ ದೊಡ್ಡ ತಲೆ, ಬೆದರುಬೊಂಬೆಗೆ ಚೆಲುವೆ, ತಗಡು ಮನುಷ್ಯನಿಗೆ ಘೋರ ಮೃಗ, ಸಿಂಹಕ್ಕೆ ಬೆಂಕಿ ಉಂಡೆ. ನಾಲ್ಕು ಹಂತದ ಬಾಸ್ ಫೈಟ್ ಬಾಮ್ ಅವ್ರೇ ಬರೆದಿಟ್ಟು ಹೋಗಿದ್ದಾರೆ.

ಕ್ರಾಟ್‌ನಲ್ಲಿ ಸುಳ್ಳು ಹೇಳೋದು ಒಬ್ಬ ಹುಡುಗ. ಓಝ್‌ನಲ್ಲಿ ಇಡೀ ಊರೇ ಒಂದು ಸುಳ್ಳಿನ ಮೇಲೆ ನಿಂತಿದೆ. ಆ ಸುಳ್ಳು ಒಡೆದ್ರೆ ಊರು ಬೀಳತ್ತೆ, ಬಿಟ್ರೆ ಜನ ಕುರುಡರಾಗೇ ಇರ್ತಾರೆ. ರಾತ್ರಿಪಾಳಿ ಹೇಳಿದ ಕಿಟಕಿ ಹೆಂಗಸಿನ ಪ್ರಶ್ನೇನೇ ಇದು, ಈ ಸಲ ಒಂದು ಊರಿಗೆ ಉತ್ತರ ಕೊಡ್ಬೇಕು.

ರಾತ್ರಿಪಾಳಿ
ಇದು ಓದಿ ಮೈ ಜುಮ್ಮೆಂತು. ಕನ್ನಡಕ ಹಾಕ್ಕೊಂಡು ತೆಗೆದು ಆಡೋ ಹಾಗಿದ್ರೆ, ಹಾಕ್ಕೊಂಡಾಗ ಜನ, ತೆಗೆದಾಗ ಬೇರೆ ಏನೋ...

ಒಂಟಿಸಲಗ
ಎಲ್ಲಾ ಸರಿ, ಆದ್ರೆ ಒಂದು ತಾಂತ್ರಿಕ ವಿಷ್ಯ. ಪುಸ್ತಕದಲ್ಲಿ ಡೊರೊತಿ ಶೂ ಬೆಳ್ಳೀದು, ಕೆಂಪಲ್ಲ. ಕೆಂಪು ಮಾಡಿದ್ದು 1939ರ ಎಂಜಿಎಂ ಸಿನಿಮಾ, ಟೆಕ್ನಿಕಲರಲ್ಲಿ ಚೆನ್ನಾಗಿ ಕಾಣ್ಲಿ ಅಂತ. ಪುಸ್ತಕದ ಹಕ್ಕು ಯಾವಾಗ್ಲೋ ಮುಗಿದಿದೆ, ಯಾರು ಬೇಕಾದ್ರೂ ಬಳಸ್ಬೋದು, ಸಿನಿಮಾದ್ದು ಅಮೆರಿಕಾದಲ್ಲಿ 2034ರ ಕೊನೆವರೆಗೆ ಇರತ್ತೆ. ಹಾಗಾಗಿ ಟೀಸರ್ ಸೀನಲ್ಲಿ ಕೆಂಪು ಶೂ ಇದ್ರೂ ಪೂರ್ತಿ ಆಟದಲ್ಲಿ ಅದೇ ಇರತ್ತೆ ಅಂತ ನಂಬೋಕಾಗಲ್ಲ.

ಪರ್ಫೆಕ್ಟ್‌ಗಾರ್ಡ್
ಕೆಂಪು ಬಣ್ಣಕ್ಕೆಲ್ಲಾ ಯಾರಾದ್ರೂ ಹಕ್ಕು ಕೇಳ್ತಾರಾ

ಒಂಟಿಸಲಗ
ಬಣ್ಣಕ್ಕಲ್ಲ, ಡೊರೊತಿ ಕಾಲಲ್ಲಿ ಹೊಳೆಯೋ ಮಾಣಿಕ್ಯದ ಶೂ ಅನ್ನೋ ಕಲ್ಪನೆ ಸಿನಿಮಾದ್ದು. ಅಷ್ಟಕ್ಕೂ ಬೆಳ್ಳಿ ಶೂನೇ ಚೆನ್ನಾಗಿರತ್ತೆ, ನಡೀತಾ ನಡೀತಾ ರಕ್ತದಲ್ಲಿ ಕೆಂಪಾದ್ರೆ ಇನ್ನೂ ಚೆನ್ನ.

ಬೆಳಗಾವಿ ಹುಲಿ
ಹುಲಿ ಮಾತು ನೀವ ಆಡಿದ್ರಿ ನೋಡ್ರಿ. ಇದನ್ನ ಹಿಂಗ ಮಾಡಬೇಕ.

ಟೊರೊಂಟೊ ಕನ್ನಡಿಗ
ನೀವೆಲ್ಲ ಇಷ್ಟು ಆಸೆ ಇಟ್ಕೊಂಡಿರೋದು ನೋಡಿ ಸ್ವಲ್ಪ ಭಯ ಆಗತ್ತೆ. ನಾನು ಅಲೈಸ್ ಆಟಗಳ ಕಾಲದವನು. ಅಮೆರಿಕನ್ ಮೆಗೀಸ್ ಅಲೈಸ್ ಬಂದಿದ್ದು 2000ರಲ್ಲಿ, ವಂಡರ್‌ಲ್ಯಾಂಡ್ ಕಥೇನ ಹುಚ್ಚಾಸ್ಪತ್ರೆಗೆ ತಂದು ನಿಲ್ಲಿಸಿದ ಆಟ. ಮಕ್ಕಳ ಪುಸ್ತಕಾನ ಕತ್ತಲೆಗೆ ತಿರುಗಿಸೋ ಆಟ ಅಂದ್ರೆ ಆಗ ಅದೇ. ಎರಡನೇ ಭಾಗ ಮ್ಯಾಡ್ನೆಸ್ ರಿಟರ್ನ್ಸ್‌ಗೆ 2011ರವರೆಗೆ ಕಾದ್ವಿ. ಮೂರನೇದು ಅಸೈಲಮ್, ಅದಕ್ಕೆ ಆಟ ಮಾಡಿದ ಮೆಗೀ, ಅಭಿಮಾನಿಗಳ ದುಡ್ಡಲ್ಲಿ ವರ್ಷಗಟ್ಟಲೆ ಕೂತು ಕಥೆ, ಚಿತ್ರ, ವಿನ್ಯಾಸ ಎಲ್ಲಾ ಸೇರಿಸಿ ದೊಡ್ಡ ಪುಸ್ತಕವೇ ಮಾಡಿದ್ರು. 2023ರಲ್ಲಿ ಹಕ್ಕಿರೋ ಇಎ ಕಂಪನಿ ದುಡ್ಡು ಹಾಕೋಕೂ ಒಪ್ಪಲಿಲ್ಲ, ಲೈಸೆನ್ಸ್ ಕೊಡೋಕೂ ಒಪ್ಪಲಿಲ್ಲ. ಮೆಗೀ ಗೇಮ್ ಮಾಡೋದೇ ಬಿಟ್ಟೆ ಅಂದ್ರು. ಇನ್ನೊಂದು ಹೇಳ್ಲಾ, ಅವ್ರು ಓಝ್ ಮೇಲೂ ಒಂದು ಆಟ ಶುರು ಮಾಡಿದ್ರು, ಅದೂ ಅರ್ಧಕ್ಕೇ ನಿಂತು ಹೋಯ್ತು. ಕತ್ತಲೆ ಓಝ್ ನೋಡ್ಬೇಕು ಅಂತ ನಾನು ಕಾಯ್ತಿರೋದು ಇವತ್ತು ನಿನ್ನೆಯಿಂದ ಅಲ್ಲ.

ತಗಡುಮನುಷ್ಯ
ಆದ್ರೆ ಎರಡಕ್ಕೂ ವ್ಯತ್ಯಾಸ ಇದೆ ಸರ್. ಅಲೈಸ್ ಹಕ್ಕು ಇದ್ದಿದ್ದು ಒಬ್ಬರ ಕೈಲಿ, ಮಾಡ್ಬೇಕು ಅನ್ನೋ ಆಸೆ ಇನ್ನೊಬ್ಬರದ್ದು. ಇಲ್ಲಿ ಆಟ ಹೊರತಂದ ನಿಯೋವಿಜ್ ಕಂಪನಿಯವ್ರದ್ದೇ ರೌಂಡ್8 ಸ್ಟುಡಿಯೋ, ಆಟವೂ ಅವ್ರದ್ದೇ, ಮೂಲ ಪುಸ್ತಕಗಳ ಮೇಲೆ ಯಾರ ಹಕ್ಕೂ ಇಲ್ಲ. ಮೊದಲ ತಿಂಗಳಲ್ಲೇ 10 ಲಕ್ಷ ಕಾಪಿ ಮಾರಿದ ಆಟ, ಕೊರಿಯಾದ 2023ರ ಗೇಮ್ ಅವಾರ್ಡಲ್ಲಿ ಅತಿ ದೊಡ್ಡ ಪ್ರಶಸ್ತಿ ತಗೊಂಡಿದ್ದು. ಕೈಬಿಡೋಕೆ ಕಾರಣ ಇಲ್ಲ.

ಟೊರೊಂಟೊ ಕನ್ನಡಿಗ
ಒಪ್ಪಿದೆ. ಆದ್ರೂ ಟ್ರೈಲರ್ ಬರೋವರೆಗೂ ನಾನು ನಂಬಲ್ಲ.

ಮಲೆನಾಡ್ ಮಳೆ
ಪುಸ್ತಕದ ಮಾತು ಕೇಳಿ ಖುಷಿ ಆಯ್ತು, ನಿಜ, ಆದ್ರೆ ಆಡೋದ್ರ ಬಗ್ಗೆ ಯಾರೂ ಮಾತಾಡ್ತಿಲ್ಲ. ಓವರ್ಚರ್ ಜೊತೆ ಮೂರು ಡಿಫಿಕಲ್ಟಿ ಕೊಟ್ರಲ್ಲ, ಬಟರ್‌ಫ್ಲೈಸ್ ಗೈಡೆನ್ಸ್ ಅಂತ ಸುಲಭದ್ದು, ಅದ್ರಿಂದ ನಮ್ಮಕ್ಕ ಆಟ ಮುಗಿಸಿದ್ಳು. ಸೀಕ್ವೆಲಲ್ಲೂ ಮೊದಲ ದಿನದಿಂದ್ಲೇ ಇರ್ಲಿ.

ಪರ್ಫೆಕ್ಟ್‌ಗಾರ್ಡ್
ನಾನು ಒಪ್ಪಲ್ಲ. ಲಾಕ್ಸೇಶಿಯಾ ಅನ್ನೋ ಬಾಸ್ ಗುರಾಣಿ ಬಿಸಾಕಿ ಮಿಂಚು ಎಸೆಯೋಕೆ ಶುರು ಮಾಡಿದಾಗ ಆ ಮಿಂಚನ್ನ ಪರ್ಫೆಕ್ಟ್ ಗಾರ್ಡಲ್ಲಿ (ಪೆಟ್ಟು ಬೀಳೋ ಕ್ಷಣಕ್ಕೇ ಸರಿಯಾಗಿ ತಡೆಯೋದು) ಹಿಡಿದು ವಾಪಸ್ ಅವಳಿಗೇ ಹೊಡೆಯೋದು ಇದ್ಯಲ್ಲ, ಮೊದಲನೇ ಸಲ ಅದು ಕೈಗೆ ಹತ್ತಿದ ಕ್ಷಣ ಎದ್ದು ನಿಂತ್ಬಿಟ್ಟಿದ್ದೆ. ಸುಲಭ ಮಾಡಿದ್ರೆ ಆ ಖುಷಿ ಎಲ್ಲಿಂದ ಬರತ್ತೆ?

ಮಲೆನಾಡ್ ಮಳೆ
ನಿಮ್ಮ ಖುಷಿ ನಿಮ್ಮ ಲೆಜೆಂಡರಿ ಸ್ಟಾಕರ್ ಅನ್ನೋ ಕಷ್ಟದ ಮೋಡಲ್ಲಿ ಹಾಗೇ ಇದೆಯಲ್ಲ, ಯಾರು ಕಿತ್ಕೊಂಡ್ರು? ನಮ್ಮಕ್ಕ ರೋಮಿಯೋ ಮಾತು ಕೇಳಿ ಅತ್ತಳು, ಆಟ ಬಿಟ್ಟಿದ್ರೆ ಅದೂ ಇರ್ತಿರ್ಲಿಲ್ಲ.

ಪರ್ಫೆಕ್ಟ್‌ಗಾರ್ಡ್
ಹ್ಞೂಂ. ಬಾಸ್‌ಗಳನ್ನ ಮೊದಲು ಕಷ್ಟಕ್ಕೇ ಅಂತ ಮಾಡಿ ಆಮೇಲೆ ಸುಲಭ ಮಾಡಿದ್ರೆ ನಂಗೆ ತಕರಾರಿಲ್ಲ. ಸುಲಭಕ್ಕೆ ಅಂತ್ಲೇ ಮಾಡಿದ್ರೆ ತಕರಾರಿದೆ.

ಕಡಲಮಗ
ನನಗೆ ಇನ್ನೊಂದು ಆಸೆ ಉಂಟು. ಕ್ರಾಟ್ ಒಂದೇ ದಾರಿ, ಬಂದ ದಾರಿಯಲ್ಲಿ ಶಾರ್ಟ್‌ಕಟ್ ತೆಗೆದು ಮತ್ತೆ ಮುಂದೆ. ಚಂದ ಉಂಟು, ಬೇಡ ಅಂತ ಅಲ್ಲ. ಆದ್ರೆ ಓಝ್‌ಗೆ ನಾಲ್ಕು ದಿಕ್ಕು, ನಾಲ್ಕು ಸೀಮೆ, ಒಂದೊಂದಕ್ಕೆ ಒಂದೊಂದು ಬಣ್ಣ ಅಲ್ವಾ? ಯಾವ ದಿಕ್ಕಿಗೆ ಮೊದಲು ಹೋಗುವುದು ಅಂತ ನಮಗೇ ಬಿಟ್ರೆ ಒಳ್ಳೆಯದು.

ಪುಸ್ತಕಹುಳ
ಹೌದು, ಪೂರ್ವಕ್ಕೆ ನೀಲಿ, ಪಶ್ಚಿಮಕ್ಕೆ ಹಳದಿ, ದಕ್ಷಿಣಕ್ಕೆ ಕೆಂಪು, ನಡುವೆ ಪಚ್ಚೆ ನಗರ. ಆದ್ರೆ ಓಪನ್ ವರ್ಲ್ಡ್ ಮಾತ್ರ ಬೇಡ ದೇವ್ರೇ, ಕ್ರಾಟ್‌ನ ಒಂದೊಂದು ಬೀದಿ ಗೋಡೆ ಮೇಲಿನ ಪೋಸ್ಟರ್ ಕೂಡ ಕಥೆ ಹೇಳ್ತಿತ್ತು, ಮೈಲಿಗಟ್ಟಲೆ ಬಯಲು ಕೊಟ್ರೆ ಅದೆಲ್ಲಾ ತೆಳು ಆಗಿಹೋಗತ್ತೆ.

ಗ್ರಾಮಫೋನ್
ಎಲ್ಲಾ ಓದ್ದೆ. ನಾನು ಪಿ ಆಗಿ ಆಡ್ಬೇಕು ಅಂದ್ಕೊಂಡು ಬಂದವನು, ತಗಡುಮನುಷ್ಯ ಅವ್ರ ಪೋಸ್ಟ್ ಓದಿದ್ಮೇಲೆ ಡೊರೊತಿ ಕಡೆ ವಾಲ್ತಿದೀನಿ. ಮನುಷ್ಯ ಆಗಿರೋ ಹುಡುಗಿ ಊರಿಗೆ ಬರ್ತಾಳೆ, ಒಂದೊಂದು ಪೆಟ್ಟಿಗೂ ಒಂದೊಂದು ಅಂಗ ತಗಡು ಮಾಡಿಸ್ಕೊಳ್ತಾ ಹೋಗ್ತಾಳೆ, ಶಕ್ತಿ ಜಾಸ್ತಿ ಆಗ್ತಾ ಹೋಗತ್ತೆ, ಆದ್ರೆ ಮನೆಗೆ ಹೋಗ್ಬೇಕು ಅನ್ನೋ ಆಸೆ ಕಮ್ಮಿ ಆಗ್ತಾ ಹೋಗತ್ತೆ. ಪಿ ಬೇಕಿದ್ರೆ ದಾರೀಲಿ ಸಿಗ್ಲಿ.

ಬೆಳಗಾವಿ ಹುಲಿ
ನಾ ಮೊದಲ ಇದನ್ನ ಹೇಳಿದ್ನೆಲ್ರೀ.

ಪರ್ಫೆಕ್ಟ್‌ಗಾರ್ಡ್
ದಾರೀಲಿ ಸಿಕ್ಕಿ ಬಾಸ್ ಆಗಿ ನಿಂತ್ರೆ? ಮೊದಲನೇ ಆಟದಲ್ಲಿ ನಮ್ಮ ಕೈ ಎಷ್ಟು ಪಳಗಿತ್ತೋ ಅಷ್ಟೇ ಚುರುಕಾಗಿ ಅವನು ಗಾರ್ಡ್ ಮಾಡಿದ್ರೆ?

ರಾತ್ರಿಪಾಳಿ
ನಾನು ಹೊಡೆಯಲ್ಲ ಅವನಿಗೆ.

ತಗಡುಮನುಷ್ಯ
ನಾನು ಹೊಡೀತೀನಿ, ಆದ್ರೆ ಅವನ ಸೊಂಟದ ಲ್ಯಾಂಟರ್ನಲ್ಲಿ ಚಿಮ್ಮಂಡೆ ಜೆಮಿನಿ ಮಾತಾಡ್ತಿದ್ರೆ ನಂಗೂ ಆಗಲ್ಲ. ಅಂದಹಾಗೆ ಲ್ಯಾಂಗ್ವಿಡೇರ್ ಬಗ್ಗೆ ಯಾರೂ ಹೇಳ್ಲಿಲ್ಲ, 30 ತಲೆ ಇಟ್ಕೊಂಡು ದಿನಕ್ಕೊಂದು ಬದಲಾಯಿಸೋ ರಾಜಕುಮಾರಿ, ಡೊರೊತಿ ತಲೆ ಚೆನ್ನಾಗಿದೆ ಅಂತ ಅದನ್ನೂ ಕೇಳ್ತಾಳೆ. 1907ರ ಓಝ್ ಪುಸ್ತಕ. ಸಂಜೆ ಬಂದು ಪೂರ್ತಿ ಬರೀತೀನಿ.

ಕಡಲಮಗ
ಈಗಲೇ ಬರೀರಿ ಮಾರಾಯ್ರೆ, ಸಂಜೆವರೆಗೆ ಯಾರು ಕಾಯುವುದು